ಪೋಲೋದಲ್ಲಿ ಗೌರವ ಯಾರಿಗೆ? ಆಟಗಾರರು, ಹಳಬರು, ಕುದುರೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪೋಲೋಗೂ ಒಂದು ಹಾಲ್ ಆಫ್ ಫೇಮ್ ಇದೆಯಾ?

ಇದೆ. ಕುದುರೆ ಮೇಲೆ ಕೂತು ಉದ್ದ ಕೋಲಿನಿಂದ ಚೆಂಡು ಹೊಡೆಯುವ ಈ ಆಟದಲ್ಲಿ ಹೆಸರಾದವರನ್ನು ಪಟ್ಟಿಗೆ ಸೇರಿಸಿ ಗೌರವಿಸುವ ಜಾಗ ಅದು, ಅಮೆರಿಕದಲ್ಲಿದೆ. 1984ರಲ್ಲಿ ಫಿಲಿಪ್ ಇಗ್ಲ್‌ಹಾರ್ಟ್ ಮತ್ತು ಅವರ ಕೆಲವು ಪೋಲೋ ಗೆಳೆಯರು ಸೇರಿ ಒಂದು ವಸ್ತುಸಂಗ್ರಹಾಲಯ ಶುರು ಮಾಡಿದರು. ಮೊದಲು ಅದು ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿತ್ತು. 1990ರ ದಶಕದಲ್ಲಿ ಫ್ಲಾರಿಡಾದ ಲೇಕ್ ವರ್ತ್‌ಗೆ ಬಂತು. ಪಕ್ಕದಲ್ಲೇ ವೆಲ್ಲಿಂಗ್ಟನ್ ಇದೆ. ಚಳಿಗಾಲದಲ್ಲಿ ಅಮೆರಿಕದ ದೊಡ್ಡ ದೊಡ್ಡ ಪೋಲೋ ಪಂದ್ಯಗಳೆಲ್ಲ ಅಲ್ಲೇ ನಡೆಯುತ್ತವೆ, ಹಾಗಾಗಿ ಜಾಗ ಸರಿಯಾಗೇ ಸಿಕ್ಕಿತು. ಹೆಸರು ಸೇರಿಸಿ ಗೌರವಿಸುವ ಪದ್ಧತಿ 1990ರಲ್ಲಿ ಶುರುವಾಯಿತು.

ಯಾರನ್ನು ಸೇರಿಸಿಕೊಳ್ಳುತ್ತಾರೆ? ಬರೀ ಆಟಗಾರರನ್ನಾ?

ಅಲ್ಲ, ಅದೇ ಇದರ ವಿಶೇಷ. ಈಗ ಬದುಕಿರುವ ಆಟಗಾರರಿಗೆ ಒಂದು ಸಾಲು. ತೀರಿಕೊಂಡ ಹಳಬರಿಗೆ ಇನ್ನೊಂದು ಸಾಲು. ಜೀವನ ಪೂರ್ತಿ ಆಟಕ್ಕಾಗಿ ದುಡಿದವರಿಗೆ ಇಗ್ಲ್‌ಹಾರ್ಟ್ ಹೆಸರಿನಲ್ಲೇ ಒಂದು ಪ್ರಶಸ್ತಿ ಇದೆ. ಇಂಥವರು ಮೈದಾನದಲ್ಲಿ ದೊಡ್ಡ ಹೆಸರು ಮಾಡಿರಲೇಬೇಕು ಅಂತೇನಿಲ್ಲ. ಇಷ್ಟೆಲ್ಲದರ ಜೊತೆಗೆ ಕುದುರೆಗಳಿಗೂ ಬೇರೆಯದೇ ಸಾಲು ಇದೆ. ಮನುಷ್ಯರ ಹಾಗೇ ಹೆಸರು, ಆಡಿದ ಕಾಲ, ಯಾರ ಕುದುರೆ, ಎಲ್ಲ ದಾಖಲಾಗುತ್ತದೆ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಇದು ಇಡೀ ಜಗತ್ತಿನ ಪೋಲೋದ ಪಟ್ಟಿ ಅಲ್ಲ, ಹೆಚ್ಚಾಗಿ ಅಮೆರಿಕದ ಪೋಲೋದ ಪಟ್ಟಿ. ಅಲ್ಲಿಗೆ ಬಂದು ಆಡಿ ಗೆದ್ದ ಹೊರದೇಶದವರೂ ಇದ್ದಾರೆ. ಉದಾಹರಣೆಗೆ ಮೆಕ್ಸಿಕೊದ ಮೆಮೊ ಗ್ರಸೀದಾ. ಅಮೆರಿಕದ ದೊಡ್ಡ ಪೋಲೋ ಪಂದ್ಯಾವಳಿ ಯು.ಎಸ್. ಓಪನ್ ಅನ್ನು 16 ಸಲ ಗೆದ್ದವರು ಅವರು. ಆದರೆ ಮಣಿಪುರದ ಆಟಗಾರರನ್ನೋ ಜೈಪುರದವರನ್ನೋ ಹುಡುಕಲು ಅಲ್ಲಿಗೆ ಹೋಗಬೇಡಿ. ಅವರ ವಿಷಯಕ್ಕೆ ಕೆಳಗೆ ಬರುತ್ತೇನೆ.

10 ಗೋಲ್ ಆಟಗಾರ ಅಂತಾರಲ್ಲ, ಪಂದ್ಯಕ್ಕೆ 10 ಗೋಲ್ ಹೊಡೀತಾರಾ?

ಇಲ್ಲ. ಅದು ಹ್ಯಾಂಡಿಕ್ಯಾಪ್. ಎಷ್ಟು ಗೋಲ್ ಹೊಡೆದ ಅನ್ನುವುದಕ್ಕೂ ಇದಕ್ಕೂ ನೇರ ಸಂಬಂಧ ಇಲ್ಲ. ಕುದುರೆ ಓಡಿಸುವುದು, ಹೊಡೆತ, ಆಟದ ತಿಳಿವಳಿಕೆ, ಜೊತೆಯವರನ್ನು ಆಡಿಸುವುದು, ಕುದುರೆಗಳ ಗುಣಮಟ್ಟ ಎಲ್ಲ ನೋಡಿ ಒಂದು ಸಮಿತಿ ಮೈನಸ್ 2ರಿಂದ 10ರವರೆಗೆ ಅಂಕ ಕೊಡುತ್ತದೆ. ತಂಡದ ನಾಲ್ಕೂ ಜನರ ಅಂಕ ಕೂಡಿಸಿ, ಎರಡು ತಂಡಗಳ ವ್ಯತ್ಯಾಸ ಲೆಕ್ಕ ಹಾಕಿ, ದುರ್ಬಲ ತಂಡಕ್ಕೆ ಆಟದ ಶುರುವಿನಲ್ಲೇ ಕೆಲವು ಗೋಲ್ ಕೊಡುತ್ತಾರೆ. ದೊಡ್ಡ ಓಪನ್ ಪಂದ್ಯಗಳಲ್ಲಿ ಈ ರಿಯಾಯಿತಿ ಇರುವುದಿಲ್ಲ.

ಈ ಪದ್ಧತಿ ತಂದವರು ಎಚ್.ಎಲ್. ಹರ್ಬರ್ಟ್, 1890ರಲ್ಲಿ ಶುರುವಾದ ಅಮೆರಿಕದ ಪೋಲೋ ಸಂಘದ ಮೊದಲ ಅಧ್ಯಕ್ಷರು. ಇವತ್ತಿಗೂ ಜಗತ್ತಿನಲ್ಲಿ 10 ಇರುವವರನ್ನು ಬೆರಳಲ್ಲಿ ಎಣಿಸಬಹುದು. ಅದರಲ್ಲೂ ಹೆಚ್ಚಿನವರು ಅರ್ಜೆಂಟೀನಾದವರು.

ಟಾಮಿ ಹಿಚ್‌ಕಾಕ್ ಹೆಸರು ಎಲ್ಲ ಕಡೆ ಬರುತ್ತೆ. ಅಷ್ಟು ದೊಡ್ಡವರಾ?

ಹೌದು. ಪೋಲೋ ಬಿಟ್ಟು ನೋಡಿದರೂ ಅವರದ್ದು ವಿಚಿತ್ರ ಜೀವನ. 1900ರಲ್ಲಿ ಸೌತ್ ಕ್ಯಾರೊಲಿನಾದ ಐಕೆನ್‌ನಲ್ಲಿ ಹುಟ್ಟಿದರು. ಅಪ್ಪ 10 ಗೋಲ್ ಆಟಗಾರ. ಆದರೆ ಹುಡುಗರನ್ನು ಕುದುರೆ ಮೇಲೆ ಕೂರಿಸಿ, ಕೈಗೆ ಕೋಲು ಕೊಟ್ಟು, ತಪ್ಪಿದಾಗ ಗದರಿಸಿ ಕಲಿಸಿದವರು ಅಮ್ಮ ಲೂಯಿಸ್. ಆ ಕಾಲದ ಎಷ್ಟೋ ಅಮೆರಿಕನ್ ಆಟಗಾರರು ಚಿಕ್ಕಂದಿನಲ್ಲಿ ಆಕೆಯ ಕೈಲಿ ಪಳಗಿದವರೇ.

ಮೊದಲ ಮಹಾಯುದ್ಧ ಬಂದಾಗ ಟಾಮಿಗೆ ಇನ್ನೂ 20 ಕೂಡ ಆಗಿರಲಿಲ್ಲ. ಫ್ರೆಂಚರ ಪರವಾಗಿ ವಿಮಾನ ಹಾರಿಸಲು ಹೋದರು. 1918ರಲ್ಲಿ ಜರ್ಮನರು ಅವರ ವಿಮಾನ ಹೊಡೆದುರುಳಿಸಿದರು, ಸೆರೆ ಸಿಕ್ಕರು. ಕೈದಿಗಳನ್ನು ಸಾಗಿಸುತ್ತಿದ್ದ ರೈಲಿನಿಂದ ಹಾರಿ, ಹಗಲು ಅಡಗಿಕೊಂಡು ರಾತ್ರಿ ನಡೆದು, ಸುಮಾರು 100 ಮೈಲಿ ದಾಟಿ ಸ್ವಿಟ್ಜರ್ಲೆಂಡ್ ಸೇರಿದರು. ಆಮೇಲೆ ಪೋಲೋ. 1922ರಿಂದ 1940ರವರೆಗೆ ಒಂದೇ ಒಂದು ವರ್ಷ ಬಿಟ್ಟು ಉಳಿದೆಲ್ಲ ವರ್ಷ ಅವರ ಅಂಕ 10. ಎರಡನೇ ಮಹಾಯುದ್ಧದಲ್ಲಿ ಮತ್ತೆ ವಿಮಾನದ ಕೆಲಸ. ಅಮೆರಿಕದ ಮಸ್ಟಾಂಗ್ ಯುದ್ಧವಿಮಾನಕ್ಕೆ ಬ್ರಿಟಿಷರ ಮರ್ಲಿನ್ ಎಂಜಿನ್ ಹಾಕಬೇಕು ಅಂತ ಬೆನ್ನು ಬಿದ್ದು ಒಪ್ಪಿಸಿದವರಲ್ಲಿ ಇವರೂ ಒಬ್ಬರು. 1944ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಸ್ಯಾಲಿಸ್‌ಬರಿ ಹತ್ತಿರ ಅದೇ ಮಸ್ಟಾಂಗ್ ಅನ್ನು ಪರೀಕ್ಷೆಗಾಗಿ ಹಾರಿಸುತ್ತಿದ್ದಾಗ ಅದು ಬಿದ್ದು ತೀರಿಕೊಂಡರು.

ಎಲ್ಲರೂ ಹೀಗೆ ದೊಡ್ಡ ಮನೆತನದವರೇನಾ?

ಬಹುಪಾಲು ಹೌದು, ಸುಳ್ಳು ಯಾಕೆ ಹೇಳಲಿ. ಕುದುರೆ ಸಾಕಲು ದುಡ್ಡು ಬೇಕು, ಒಂದು ಕುದುರೆಯಲ್ಲಿ ಆಟ ಮುಗಿಯುವುದೂ ಇಲ್ಲ. ಆದರೆ ಸೆಸಿಲ್ ಸ್ಮಿತ್ ಅಂತ ಒಬ್ಬರಿದ್ದರು. ಟೆಕ್ಸಸ್‌ನ ಕೌಬಾಯ್. ದನ ಮೇಯಿಸುವ ಕುದುರೆಗಳನ್ನು ಪಳಗಿಸಿ ಮಾರುವುದು ಕೆಲಸ. ಮಾರುವ ಕುದುರೆ ಪೋಲೋಗೆ ಆಗುತ್ತಾ ಅಂತ ತೋರಿಸಲು ತಾವೇ ಹತ್ತಿ ಆಡುತ್ತಾ ಆಡುತ್ತಾ ದೊಡ್ಡ ಆಟಗಾರರಾದರು.

1933ರಲ್ಲಿ ಷಿಕಾಗೊ ಹತ್ತಿರ ಪೂರ್ವ, ಪಶ್ಚಿಮ ಅಂತ ಎರಡು ತಂಡ ಮಾಡಿ ಪಂದ್ಯ ಇಟ್ಟರು. ಪೂರ್ವದ ಕಡೆ ನ್ಯೂಯಾರ್ಕಿನ ಸಿರಿವಂತರು, ಹಿಚ್‌ಕಾಕ್ ಅವರ ನಾಯಕ. ಪಶ್ಚಿಮದ ಕಡೆ ಸ್ಮಿತ್ ಥರದವರು. ಆಟ ಎಷ್ಟು ಒರಟಾಗಿತ್ತು ಅಂದರೆ ಸ್ಮಿತ್ ಕುದುರೆಯಿಂದ ಬಿದ್ದು ಪ್ರಜ್ಞೆ ತಪ್ಪಿದರು. ಎಚ್ಚರ ಆದ ಮೇಲೆ ಎದ್ದು ಬಂದು ಆಟ ಮುಂದುವರಿಸಿದರು. ಕೊನೆಗೆ ಪಶ್ಚಿಮವೇ ಗೆದ್ದಿತು. ಒಟ್ಟು 25 ವರ್ಷ ಅವರು 10 ಗೋಲ್ ಆಟಗಾರರಾಗಿದ್ದರು. ಹಾಲ್ ಆಫ್ ಫೇಮ್‌ನಲ್ಲಿ ನನಗೆ ಎಲ್ಲರಿಗಿಂತ ಜಾಸ್ತಿ ಇಷ್ಟವಾಗುವ ಹೆಸರು ಇದು.

ಹೆಣ್ಣುಮಕ್ಕಳ ಕಥೆ ಏನು?

ತುಂಬಾ ವರ್ಷ ಒಳಗೇ ಬಿಟ್ಟುಕೊಳ್ಳಲಿಲ್ಲ. ಹಾಗಿದ್ದೂ ಕ್ಯಾಲಿಫೋರ್ನಿಯಾದ ಸೂ ಸ್ಯಾಲಿ ಹೇಲ್ ಸುಮಾರು 20 ವರ್ಷ ಗಂಡಸರ ಪಂದ್ಯಗಳಲ್ಲಿ ಆಡಿದರು. ಹೇಗೆ ಅಂದರೆ ವೇಷ ಹಾಕಿಕೊಂಡು. ಕೂದಲನ್ನು ಹೆಲ್ಮೆಟ್ ಒಳಗೆ ತುರುಕಿ, ದೊಗಳೆ ಅಂಗಿ ತೊಟ್ಟು, ಕಣ್ಣಿಗೆ ಹಚ್ಚುವ ಮಸ್ಕಾರದಲ್ಲಿ ಮೀಸೆ ಬರೆದುಕೊಂಡು, ಎ. ಜೋನ್ಸ್ ಅಂತ ಹೆಸರು ಕೊಟ್ಟು ಮೈದಾನಕ್ಕೆ ಇಳಿಯುತ್ತಿದ್ದರು. ಪಂದ್ಯ ಮುಗಿದ ಮೇಲೆ ಮೀಸೆ ಒರೆಸಿಕೊಂಡು ಪಾರ್ಟಿಗೆ ಬಂದರೆ ಎದುರು ತಂಡದವರಿಗೆ ಗುರುತೇ ಸಿಗುತ್ತಿರಲಿಲ್ಲ. ಜೊತೆಯ ಆಟಗಾರರಿಗೆ ಗೊತ್ತಿತ್ತು, ಅವರು ಬಾಯಿ ಬಿಡಲಿಲ್ಲ.

ಒಂದು ಕಡೆ ಸುಮ್ನೆ ಆಡಿಕೊಂಡು, ಇನ್ನೊಂದು ಕಡೆ ಸಂಘದ ಜೊತೆ ಸದಸ್ಯತ್ವಕ್ಕಾಗಿ ಜಗಳ. 1972ರಲ್ಲಿ ಅಮೆರಿಕದ ಪೋಲೋ ಸಂಘ ಬಾಗಿಲು ತೆರೆಯಿತು. ಅವರ ಮಗಳು ಸನ್ನಿ ಹೇಲ್ 2000ನೇ ಇಸವಿಯಲ್ಲಿ ಅರ್ಜೆಂಟೀನಾದ ಪ್ರಸಿದ್ಧ ಆಟಗಾರ ಅಡೋಲ್ಫೊ ಕಂಬಿಯಾಸೊ ಇದ್ದ ತಂಡದಲ್ಲಿ ಆಡಿ ಯು.ಎಸ್. ಓಪನ್ ಗೆದ್ದರು. ಅದನ್ನು ಗೆದ್ದ ಮೊದಲ ಹೆಂಗಸು ಆಕೆ. ಅಮ್ಮ ಮೀಸೆ ಬರೆದುಕೊಂಡು ಆಡಿದ ಆಟ, ಮಗಳು ತನ್ನದೇ ಹೆಸರಿನಲ್ಲಿ ಆಡಿದಳು.

ಕುದುರೆಗೆ ಯಾಕೆ ಪ್ರಶಸ್ತಿ? ಅದಕ್ಕೇನು ಗೊತ್ತಾಗುತ್ತೆ?

ಪ್ರಶಸ್ತಿ ಗೊತ್ತಾಗಲಿಕ್ಕಿಲ್ಲ. ಆಟ ಮಾತ್ರ ಚೆನ್ನಾಗಿ ಗೊತ್ತಾಗುತ್ತೆ.

ಒಂದು ಚುಕ್ಕರ್ ಅಂದರೆ ಏಳು ನಿಮಿಷದ ಆಟ. ಆ ಏಳು ನಿಮಿಷದಲ್ಲಿ ಕುದುರೆ ಪೂರ್ತಿ ವೇಗದಲ್ಲಿ ಓಡಬೇಕು, ಗಕ್ಕನೆ ನಿಲ್ಲಬೇಕು, ನಿಂತ ಜಾಗದಲ್ಲೇ ತಿರುಗಿ ಮತ್ತೆ ಓಡಬೇಕು, ಪಕ್ಕದಿಂದ ಇನ್ನೊಂದು ಕುದುರೆ ಭುಜಕ್ಕೆ ಭುಜ ಕೊಟ್ಟು ತಳ್ಳಿದರೆ ಹೆದರದೆ ತಿರುಗಿ ತಳ್ಳಬೇಕು. ಇದೆಲ್ಲ ಆಗುವಾಗ ತಲೆಯ ಪಕ್ಕದಲ್ಲೇ ಕೋಲು ಬೀಸುತ್ತಿರುತ್ತದೆ. ಸವಾರನ ಎಡಗೈಯಲ್ಲಿ ಲಗಾಮು, ಬಲಗೈಯಲ್ಲಿ ಕೋಲು. ಬರೀ ಒಂದು ಕೈಯ ಸನ್ನೆಯಲ್ಲಿ, ಮೈಯ ಭಾರ ಅತ್ತ ಇತ್ತ ಆಗುವುದರಲ್ಲಿ ಕುದುರೆ ಎಲ್ಲ ಅರ್ಥ ಮಾಡಿಕೊಳ್ಳಬೇಕು. ಚೆಂಡು ಯಾವ ಕಡೆ ತಿರುಗಿತು ಅಂತ ಸವಾರನಿಗಿಂತ ಮೊದಲು ನೋಡಿ ತಿರುಗುವ ಕುದುರೆಗಳೂ ಇವೆ. ಅದಕ್ಕೇ ಆಟಗಾರರನ್ನು ಕೇಳಿದರೆ, ಗೆಲುವಿನಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ಕುದುರೆಗೇ ಕೊಡುತ್ತಾರೆ.

ಚುಕ್ಕರ್ ಮುಗಿಯುತ್ತಿದ್ದಂತೆ ಕುದುರೆ ಬದಲಾಗುತ್ತದೆ. ಮೈಯೆಲ್ಲ ನೊರೆ ಬಂದ ಹಾಗೆ ಬೆವರು. ಹತ್ತಿರ ಹೋಗಿ ನೋಡಿದರೆ ಜೂಲು ಪೂರ್ತಿ ಬೋಳಿಸಿರುತ್ತಾರೆ, ಲಗಾಮಿಗೆ ಸಿಕ್ಕಿಕೊಳ್ಳಬಾರದು ಅಂತ. ಬಾಲ ಹೆಣೆದು, ಮೇಲಕ್ಕೆ ಮಡಚಿ, ಟೇಪ್ ಸುತ್ತಿರುತ್ತಾರೆ, ಕೋಲಿಗೆ ತೊಡರಬಾರದು ಅಂತ. ನಾಲ್ಕೂ ಕಾಲಿಗೆ ದಪ್ಪ ಪಟ್ಟಿ. ಇದನ್ನೆಲ್ಲ ಮಾಡುವವರು ಲಾಯದ ಕೆಲಸಗಾರರು. ಅವರಿಗೆ ಯಾವ ಹಾಲ್ ಆಫ್ ಫೇಮ್‌ನಲ್ಲೂ ಬೇರೆ ಸಾಲು ಇಲ್ಲ. ಇರಬೇಕಿತ್ತು ಅಲ್ವಾ?

ಕುದುರೆಗೆ ಕೊಡುವುದಾದರೂ ಏನು?

ಹೊದಿಕೆ. ದೊಡ್ಡ ಪಂದ್ಯ ಮುಗಿದ ಮೇಲೆ ಆ ದಿನ ಚೆನ್ನಾಗಿ ಆಡಿದ ಕುದುರೆಯನ್ನು ಆರಿಸಿ, ಮೈದಾನಕ್ಕೆ ಕರೆತಂದು, ಬೆನ್ನಿನ ಮೇಲೆ ಹೆಸರು ಹೊಲಿದ ಹೊದಿಕೆ ಹಾಕುತ್ತಾರೆ. ಯು.ಎಸ್. ಓಪನ್‌ನಲ್ಲಿ ಇದಕ್ಕೆ ಹಾರ್ಟ್‌ಮನ್ ಟ್ರೋಫಿ ಅಂತ ಬೇರೆ ಬಹುಮಾನವೇ ಇದೆ. ಎಷ್ಟೋ ಮಾಲೀಕರು ಕಪ್‌ಗಿಂತ ಈ ಹೊದಿಕೆಗೆ ಹೆಚ್ಚು ಹಿಗ್ಗುತ್ತಾರೆ. ಯಾಕೆಂದರೆ ಕಪ್ ನಾಲ್ಕು ಜನರಿಗೆ ಹಂಚಿಹೋಗುತ್ತದೆ, ಕುದುರೆ ಒಂದೇ.

ಬೆಲೆಯೂ ಒಂಥರಾ ಗೌರವವೇ ಅನ್ನುವುದಾದರೆ ಜುಪಿಟರ್ ಎಂಬ ಅರ್ಜೆಂಟೀನಾದ ಕುದುರೆ ನೋಡಿ. 1928ರಲ್ಲಿ ಅಮೆರಿಕದ ಹರಾಜಿನಲ್ಲಿ ಅದು 22,000 ಡಾಲರ್‌ಗೆ ಹೋಯಿತು. ಆ ಕಾಲದ 22,000, ನೆನಪಿರಲಿ.

ಸತ್ತ ಕುದುರೆಯನ್ನು ಮತ್ತೆ ಹುಟ್ಟಿಸಿದ್ದಾರೆ ಅಂತಾರೆ, ನಿಜನಾ?

ಹತ್ತಿರ ಹತ್ತಿರ ನಿಜ. ಕಂಬಿಯಾಸೊ ಹತ್ತಿರ ಐಕೆನ್ ಕುರಾ ಅಂತ ಒಂದು ಗಂಡು ಕುದುರೆ ಇತ್ತು. 2006ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ನಡೆಯುವ ಅರ್ಜೆಂಟೀನಾದ ದೊಡ್ಡ ಪಂದ್ಯಾವಳಿ ಪಲೆರ್ಮೊ ಓಪನ್‌ನ ಫೈನಲ್‌ನಲ್ಲಿ ಅದರ ಕಾಲು ಮುರಿಯಿತು. ಉಳಿಸಲು ಆಗಲಿಲ್ಲ. ಅದಕ್ಕೆ ಮೊದಲೇ ಅದರ ಜೀವಕೋಶ ತೆಗೆಸಿ ಕಾಪಿಟ್ಟಿದ್ದರು. ಆಮೇಲೆ ಆ ಕೋಶದಿಂದ ಅದರದ್ದೇ ತದ್ರೂಪಿ ಮರಿ ಹುಟ್ಟಿಸಿದರು, ಅಂದರೆ ಕ್ಲೋನ್ ಮಾಡಿಸಿದರು. ಅವರ ಇನ್ನೊಂದು ಹೆಣ್ಣು ಕುದುರೆ ಕ್ವಾರ್ತೆತೆರಾ. ಅದರ ಒಂದು ಕ್ಲೋನ್ 2010ರಲ್ಲಿ ಹರಾಜಿನಲ್ಲಿ 8 ಲಕ್ಷ ಡಾಲರ್‌ಗೆ ಮಾರಾಟವಾಯಿತು. 2016ರ ಪಲೆರ್ಮೊ ಫೈನಲ್‌ನಲ್ಲಂತೂ ಕಂಬಿಯಾಸೊ ಕ್ವಾರ್ತೆತೆರಾದ ಆರು ಕ್ಲೋನ್‌ಗಳನ್ನು ಒಂದಾದ ಮೇಲೊಂದು ಹತ್ತಿ ಆಡಿ ಗೆದ್ದರು. ಕುದುರೆಗಳ ಹೆಸರಿಗೆ ಒಂದು, ಎರಡು ಅಂತ ನಂಬರ್ ಅಷ್ಟೇ.

ಇದು ಕುದುರೆಗೆ ಮಾಡಿದ ಗೌರವವೋ, ಗೆಲ್ಲುವ ಹಟವೋ? ನನ್ನ ಪ್ರಕಾರ ಎರಡನೆಯದು ಜಾಸ್ತಿ. ಹಾಗಂತ ಒಳ್ಳೆ ಕುದುರೆ ಮೇಲಿನ ಪ್ರೀತಿ ಅದರಲ್ಲಿ ಇಲ್ಲವೇ ಇಲ್ಲ ಅನ್ನಲೂ ಬರುವುದಿಲ್ಲ.

ಪೋಲೋ ಹುಟ್ಟಿದ್ದು ಭಾರತದಲ್ಲೇ ಅಲ್ವಾ?

ಕೋಲು, ಚೆಂಡು, ಕುದುರೆ ಸೇರಿದ ಆಟ ಪರ್ಷಿಯಾದಲ್ಲಿ ಬಹಳ ಹಿಂದಿನಿಂದ ಇತ್ತು. ಇಸ್ಫಹಾನ್‌ನ ದೊಡ್ಡ ಚೌಕದಲ್ಲಿ ಕಲ್ಲಿನ ಗೋಲ್ ಕಂಬಗಳು ಇವತ್ತಿಗೂ ನಿಂತಿವೆ. ಚೌಗಾನ್ ಎಂಬ ಇರಾನಿನ ಈ ಆಟವನ್ನು 2017ರಲ್ಲಿ ಯುನೆಸ್ಕೊ ಪರಂಪರೆಯ ಪಟ್ಟಿಗೆ ಸೇರಿಸಿತು. ದೆಹಲಿಯ ಸುಲ್ತಾನ ಕುತ್ಬುದ್ದೀನ್ ಐಬಕ್ 1210ರಲ್ಲಿ ಲಾಹೋರಿನಲ್ಲಿ ಈ ಆಟ ಆಡುವಾಗಲೇ ಬಿದ್ದು ಸತ್ತಿದ್ದು.

ಆದರೆ ಇವತ್ತು ಜಗತ್ತು ಆಡುವ ಪೋಲೋ ಹೊರಟಿದ್ದು ಮಣಿಪುರಿಗಳಿಂದ. ಅಲ್ಲಿ ಅದರ ಹೆಸರು ಸಗೋಲ್ ಕಾಂಗ್‌ಜೈ. ಒಂದೊಂದು ಕಡೆ ಏಳು ಜನ. ಗೋಲ್ ಕಂಬವೇ ಇಲ್ಲ, ಎದುರಿನ ಕೊನೆಯ ಗೆರೆ ದಾಟಿಸಿದರೆ ಮುಗಿಯಿತು. ಚೆಂಡು ಬಿದಿರಿನ ಬೇರಿನದು. ಆಟಗಾರರು ಧೋತಿ ಕಟ್ಟಿ, ಮೊಣಕಾಲಿನ ಕೆಳಗೆ ಗಟ್ಟಿ ಪಟ್ಟಿ ಬಿಗಿದು, ಬರಿಗಾಲಲ್ಲಿ ಆಡುತ್ತಾರೆ. ಕುದುರೆಯ ಮೈಮೇಲೆ ಬಣ್ಣ ಬಣ್ಣದ ಉಣ್ಣೆಯ ಕುಚ್ಚುಗಳು ಜೋತಾಡುತ್ತವೆ. ನೋಡಲು ಅಲಂಕಾರ, ಆದರೆ ಏಟು ತಡೆಯುವುದೂ ಅವೇ. ಇಂಫಾಲದ ಮಾಪಲ್ ಕಾಂಗ್‌ಜೈಬುಂಗ್ ಮೈದಾನದಲ್ಲಿ ಶತಮಾನಗಳಿಂದ ಈ ಆಟ ನಡೆದುಕೊಂಡು ಬಂದಿದೆ.

ಹಾಗಾದರೆ ಆಧುನಿಕ ಪೋಲೋದ ಪಿತಾಮಹ ಅಂತ ಬ್ರಿಟಿಷ್ ಅಧಿಕಾರಿಯ ಹೆಸರು ಯಾಕೆ ಹೇಳ್ತಾರೆ?

ಜೋಸೆಫ್ ಷೆರರ್ ಅವರ ಹೆಸರು ಕೇಳುತ್ತಿದ್ದೀರಿ. ಮಣಿಪುರದ ಪಕ್ಕದ, ಅಸ್ಸಾಮಿನ ಕಾಚಾರಿನಲ್ಲಿದ್ದಾಗ ಅವರೂ ಅಲ್ಲಿನ ಅಧಿಕಾರಿ ರಾಬರ್ಟ್ ಸ್ಟುವರ್ಟ್ ಅವರೂ ಮಣಿಪುರಿಗಳ ಆಟ ನೋಡಿ ತಾವೂ ಕಲಿತರು. 1859ರಲ್ಲಿ ಸಿಲ್ಚಾರಿನಲ್ಲಿ ಕ್ಲಬ್ ಶುರು ಮಾಡಿದರು. 1860ರ ದಶಕದ ಹೊತ್ತಿಗೆ ಆಟ ಕಲ್ಕತ್ತಾ ಮುಟ್ಟಿತು, 1862ರಲ್ಲಿ ಅಲ್ಲೂ ಕ್ಲಬ್ ಆಯಿತು. ಷೆರರ್ ಒಂದು ಮಣಿಪುರಿ ತಂಡವನ್ನೇ ಕಲ್ಕತ್ತೆಗೆ ಕರೆದೊಯ್ದು ಆಡಿಸಿದರು. 1869ರಲ್ಲಿ ಇಂಗ್ಲೆಂಡು, 1876ರಲ್ಲಿ ನ್ಯೂಯಾರ್ಕ್. ಅಲ್ಲಿಂದ ಮುಂದಿನದ್ದು ಗೊತ್ತೇ ಇದೆ.

ಆಟವನ್ನು ಹೊರಗೆ ಹರಡಿದ್ದಕ್ಕೆ ಷೆರರ್‌ಗೆ ಗೌರವ ಕೊಡಿ, ತಕರಾರಿಲ್ಲ. ಪಿತಾಮಹ ಅನ್ನುವುದು ಮಾತ್ರ ನನಗೆ ಒಗ್ಗುವುದಿಲ್ಲ. ಕಲಿತವರ ಹೆಸರು ದಪ್ಪ ಅಕ್ಷರದಲ್ಲಿ ಉಳಿಯಿತು, ಕಲಿಸಿದವರು ಎಲ್ಲ ಕಡೆ ಬರೀ ‘ಮಣಿಪುರಿಗಳು’ ಆಗಿಹೋದರು.

ಮಣಿಪುರದವರು ತಮ್ಮ ಆಟಕ್ಕೆ, ಕುದುರೆಗೆ ಏನು ಮಾಡಿದ್ದಾರೆ?

ಅಲ್ಲಿ ಗೌರವ ದೇವರಿಂದಲೇ ಶುರು. ಇಂಫಾಲದ ಹತ್ತಿರದ ಹೈಂಗಾಂಗ್ ಗುಡ್ಡದ ದೇವರು ಮಾರ್ಜಿಂಗ್. ಪೋಲೋಗೂ ಕುದುರೆಗೂ ಅವನೇ ಒಡೆಯ. ರೆಕ್ಕೆ ಇರುವ ಕುದುರೆ ಸಮದೋನ್ ಅಯಾಂಗ್ಬಾ ಅವನದ್ದೇ, ಮಣಿಪುರಿ ಕುದುರೆಗಳೆಲ್ಲ ಅದರ ವಂಶ ಅನ್ನುವ ನಂಬಿಕೆ. ಹಾಗಾಗಿ ಅಲ್ಲಿ ಹರಕೆಗೆ ಕುದುರೆ ಬೊಂಬೆ ಒಪ್ಪಿಸುತ್ತಾರೆ. 2023ರ ಜನವರಿಯಲ್ಲಿ ಅದೇ ಗುಡ್ಡದಲ್ಲಿ ಕುದುರೆ ಏರಿದ ಪೋಲೋ ಆಟಗಾರನ 120 ಅಡಿ ಎತ್ತರದ ಪ್ರತಿಮೆ ಉದ್ಘಾಟನೆ ಆಯಿತು.

ಪ್ರತಿಮೆ ದೊಡ್ಡದಾಯಿತು, ಕುದುರೆಗಳು ಕಮ್ಮಿಯಾದವು. 2003ರ ಜಾನುವಾರು ಗಣತಿಯಲ್ಲಿ 1,898 ಮಣಿಪುರಿ ಕುದುರೆಗಳಿದ್ದವು. 2012ರಲ್ಲಿ 1,101. ಗಿಡ್ಡ ಕುದುರೆ ಅದು, ಗಟ್ಟಿಮುಟ್ಟು, ಚುರುಕು. ಸಗೋಲ್ ಕಾಂಗ್‌ಜೈ ಆಡುವುದು ಅದರ ಮೇಲೇ. ಹಿಂದೆ ಲಾಂಫೇಲ್ ಕಡೆಯ ಜೌಗು ಬಯಲಿನಲ್ಲಿ ಬಿಟ್ಟರೆ ತಾವೇ ಮೇಯ್ದುಕೊಂಡು ಇರುತ್ತಿದ್ದವು. ನಮ್ಮ ಕಡೆ ಗೋಮಾಳಗಳು ಒಂದೊಂದಾಗಿ ಸೈಟು, ಕಟ್ಟಡ ಆದ ಹಾಗೆ ಅಲ್ಲೂ ಆ ಬಯಲು ಕರಗಿತು. ಈಗ ಎಷ್ಟೋ ಕುದುರೆಗಳು ಇಂಫಾಲದ ಬೀದಿಯಲ್ಲಿ ಕಸ ಕೆದಕುತ್ತವೆ, ಪ್ಲಾಸ್ಟಿಕ್ ತಿನ್ನುತ್ತವೆ, ಗಾಡಿಗಳಿಗೆ ಸಿಕ್ಕಿ ಸಾಯುತ್ತವೆ. 2016ರಲ್ಲಿ ರಾಜ್ಯ ಸರ್ಕಾರ ಈ ತಳಿ ಉಳಿಸಲು ಒಂದು ನೀತಿ ತಂದಿತು. ಮೀಸಲು ಹುಲ್ಲುಗಾವಲಿನ ಪ್ರಯತ್ನವೂ ನಡೆದಿದೆ. ನನ್ನನ್ನು ಕೇಳಿದರೆ ಇನ್ನೊಂದು ಪ್ರತಿಮೆಗಿಂತ ಇನ್ನೊಂದು ಹತ್ತು ಎಕರೆ ಹುಲ್ಲು ಮೇಲು.

ಖುಷಿಯ ವಿಷಯವೂ ಇದೆ. ಅಲ್ಲಿನ ಹುಡುಗಿಯರು ಭರ್ಜರಿಯಾಗಿ ಆಡುತ್ತಾರೆ. 2016ರಿಂದ ಜನವರಿಯಲ್ಲಿ ಹೊರದೇಶದ ತಂಡಗಳನ್ನೂ ಕರೆಸಿ ಮಹಿಳೆಯರ ಪಂದ್ಯಾವಳಿ ನಡೆಸುವ ರೂಢಿ ಬಂದಿದೆ. ಬಂದವರು ಆಡುವುದೂ ಮಣಿಪುರಿ ಕುದುರೆಗಳ ಮೇಲೆಯೇ.

ಭಾರತದಲ್ಲಿ ಪೋಲೋ ಆಟಗಾರರಿಗೆ ಸರ್ಕಾರದ ಪ್ರಶಸ್ತಿ ಬಂದಿದೆಯಾ?

ಬಂದಿದೆ. ರಾವ್ ರಾಜಾ ಹನುತ್ ಸಿಂಗ್ ಅವರಿಗೆ 1958ರಲ್ಲಿ ಪದ್ಮಭೂಷಣ, 1964ರಲ್ಲಿ ಅರ್ಜುನ ಪ್ರಶಸ್ತಿ. 1933ರಲ್ಲಿ ಜೈಪುರದ ತಂಡ ಇಂಗ್ಲೆಂಡಿಗೆ ಹೋಗಿ ಅಲ್ಲಿನ ದೊಡ್ಡ ಕಪ್‌ಗಳನ್ನೆಲ್ಲ ಬಾಚಿಕೊಂಡು ಬಂತು. ಮಹಾರಾಜ ಎರಡನೇ ಸವಾಯಿ ಮಾನ್ ಸಿಂಗ್, ಹನುತ್ ಸಿಂಗ್, ಅಭಯ್ ಸಿಂಗ್, ಪೃಥಿ ಸಿಂಗ್ ಇದ್ದ ತಂಡ ಅದು. 1957ರಲ್ಲಿ ಫ್ರಾನ್ಸಿನ ಡೋವಿಲ್‌ನಲ್ಲಿ ಭಾರತ ಗೆದ್ದಾಗ ಹನುತ್ ಸಿಂಗ್‌ಗೆ 57 ವಯಸ್ಸು! ಮಾನ್ ಸಿಂಗ್ 1970ರಲ್ಲಿ ಇಂಗ್ಲೆಂಡಿನ ಸೈರನ್‌ಸೆಸ್ಟರ್‌ನಲ್ಲಿ ಪೋಲೋ ಮೈದಾನದಲ್ಲೇ ಕುಸಿದು ತೀರಿಕೊಂಡರು.

ನಮ್ಮಲ್ಲಿ ಫಲಕಕ್ಕಿಂತ ಕಪ್‌ಗೆ ಹೆಸರಿಡುವ ಪದ್ಧತಿ ಹೆಚ್ಚು. ಕಲ್ಕತ್ತೆಯ ಎಜ್ರಾ ಕಪ್ 1880ರದ್ದು. ಹೆಸರು ಉಳಿಯುತ್ತೆ, ಪ್ರತಿ ವರ್ಷ ಯಾರೋ ಅದನ್ನು ಎತ್ತಿ ಹಿಡಿಯುತ್ತಾರೆ. ಇದು ಒಳ್ಳೆಯ ಪದ್ಧತಿಯೇ. ಆದರೆ ಆ ಹೆಸರಿನವರು ಯಾರು ಅಂತ ಮೈದಾನದಲ್ಲಿ ಇರುವವರನ್ನು ಕೇಳಿ ನೋಡಿ, ಉತ್ತರ ಸಿಗುವುದು ಕಷ್ಟ.

ಕರ್ನಾಟಕಕ್ಕೂ ಇದಕ್ಕೂ ಏನಾದರೂ ನಂಟು?

ಒಂದು ಇದೆ. ಬಹಳ ಜನ ಗಮನಿಸಿಲ್ಲ. ಭಾರತದ ಸೇನೆಯಲ್ಲಿ ಈಗಲೂ ಕುದುರೆ ಏರಿಯೇ ಇರುವ 61ನೇ ಕ್ಯಾವಲ್ರಿ ಗೊತ್ತಲ್ಲ, ಜೈಪುರದಲ್ಲಿದೆ, ದೇಶದ ಪೋಲೋಗೆ ದಶಕಗಳಿಂದ ಆಟಗಾರರನ್ನು ಕೊಟ್ಟ ರೆಜಿಮೆಂಟ್ ಅದು. 1953ರಲ್ಲಿ ಹಳೆಯ ಸಂಸ್ಥಾನಗಳ ಕುದುರೆ ಪಡೆಗಳನ್ನು ಸೇರಿಸಿ ಅದನ್ನು ಕಟ್ಟಿದರು. ಸೇರಿದವರಲ್ಲಿ ಮೈಸೂರು ಲ್ಯಾನ್ಸರ್ಸ್ ಕೂಡ ಒಬ್ಬರು. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಊರನ್ನು ಗೆದ್ದ ಕಾಳಗದಲ್ಲಿ ಜೋಧಪುರದವರ ಜೊತೆ ನುಗ್ಗಿದ್ದೂ ಇದೇ ಮೈಸೂರಿನವರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇದೆ. ಆ ಕಡೆ ಹೋದಾಗ ಒಂದು ನಿಮಿಷ ನಿಲ್ಲಿ. ದೆಹಲಿಯ ತೀನ್ ಮೂರ್ತಿ ಯುದ್ಧ ಸ್ಮಾರಕದ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ಸವಾರನದ್ದು.

ಇದನ್ನೆಲ್ಲ ನೋಡಬೇಕಂದ್ರೆ ಎಲ್ಲಿಗೆ ಹೋಗಬೇಕು?

ಸಗೋಲ್ ಕಾಂಗ್‌ಜೈ ನೋಡಲು ಇಂಫಾಲವೇ ಸರಿ, ಚಳಿಗಾಲದಲ್ಲಿ. ಹೊರಡುವ ಮೊದಲು ಅಲ್ಲಿನ ಪರಿಸ್ಥಿತಿ ವಿಚಾರಿಸಿಕೊಳ್ಳಿ. ಜೈಪುರ, ದೆಹಲಿ, ಕೋಲ್ಕತ್ತಾಗಳಲ್ಲೂ ಚಳಿಗಾಲದಲ್ಲೇ ಸೀಸನ್. ಅಮೆರಿಕದಲ್ಲಿ ಇರುವ ಕನ್ನಡಿಗರಿಗೆ ಫ್ಲಾರಿಡಾ ಸುಲಭ. ಹಾಲ್ ಆಫ್ ಫೇಮ್‌ನ ವಾರ್ಷಿಕ ಸಮಾರಂಭ ಸಾಮಾನ್ಯವಾಗಿ ಫೆಬ್ರವರಿಯಲ್ಲಿ ಇರುತ್ತದೆ, ಪಂದ್ಯಗಳೂ ಅದೇ ಸಮಯ. ಪಂದ್ಯಕ್ಕೆ ಹೋದರೆ ಆಟ ನಡೆಯದಾಗ ಲಾಯದ ಕಡೆಗೊಂದು ಸುತ್ತು ಹಾಕಿ. ಮೊದಲು ಕೇಳಿಕೊಂಡು ಹೋಗಿ, ಕುದುರೆಯ ಹಿಂದೆ ಮಾತ್ರ ನಿಲ್ಲಬೇಡಿ. ಇನ್ನೊಂದು ವಿಷಯ, ಅರ್ಧ ಆಟಕ್ಕೆ ಬಿಡುವು ಕೊಟ್ಟಾಗ ಗೊರಸಿಗೆ ಕಿತ್ತುಬಂದ ಹುಲ್ಲಿನ ಹೆಂಟೆಗಳನ್ನು ತುಳಿದು ಸರಿ ಮಾಡಲು ನೋಡುವವರನ್ನೇ ಮೈದಾನಕ್ಕೆ ಕರೆಯುತ್ತಾರೆ, ಆದ್ದರಿಂದ ಹೈ ಹೀಲ್ಸ್ ಬೇಡ, ಚಪ್ಪಟೆ ಶೂ ಹಾಕಿಕೊಂಡು ಹೋಗಿ.